ಅರಸರ ಆಜ್ಞೆಯೂ ಮನೆಯ ಒಲೆಯೂ

(ಅಪೊಸ್ತಲರ ಕೃತ್ಯಗಳು 18ನೆಯ ಅಧ್ಯಾಯದ ಮೊದಲಿನ ಮೂರು ವಚನಗಳನ್ನು ಓದಿಕೊಳ್ಳಿರಿ.)



ಚರಿತ್ರೆಯ ಪುಸ್ತಕಗಳನ್ನು ತೆರೆದರೆ ಅರಸರ ಹೆಸರುಗಳೂ ಯುದ್ಧಗಳ ವರುಷಗಳೂ ಕಾಣುತ್ತವೆ. ಆದರೆ ಅರಸನು ಹೊರಡಿಸಿದ ಆಜ್ಞೆಯಿಂದ ಯಾರ ಮನೆಯ ಒಲೆ ಆರಿತು, ಯಾರ ಮಗುವು ಹಸಿದು ಮಲಗಿತು ಎಂಬದನ್ನು ಅವು ಬಹು ಅಪರೂಪವಾಗಿ ಹೇಳುತ್ತವೆ. ಸತ್ಯವೇದವಾದರೋ ಹಾಗಲ್ಲ. ಅದು ಚಕ್ರವರ್ತಿಯ ಹೆಸರನ್ನು ಒಂದೇ ಮಾತಿನಲ್ಲಿ ಹೇಳಿ ಮುಗಿಸಿ, ಆತನ ಆಜ್ಞೆಯಿಂದ ನೆಲೆತಪ್ಪಿದ ಒಬ್ಬ ಕಸುಬುದಾರನನ್ನೂ ಅವನ ಹೆಂಡತಿಯನ್ನೂ ಹೆಸರು ಹಿಡಿದು ನಮ್ಮ ಮುಂದೆ ನಿಲ್ಲಿಸುತ್ತದೆ.

ಕ್ರಿ.ಶ. 49ರ ಸುಮಾರಿಗೆ ಕ್ಲೌದ್ಯ ಚಕ್ರವರ್ತಿಯು ಯೆಹೂದ್ಯರೆಲ್ಲರೂ ರೋಮಾಪುರವನ್ನು ಬಿಟ್ಟುಹೋಗಬೇಕೆಂದು ಅಪ್ಪಣೆಮಾಡಿದನು. ಆಗ ಅಕ್ವಿಲನೂ ಪ್ರಿಸ್ಕಿಲ್ಲಳೂ ಇದ್ದ ಮನೆಯನ್ನು ಬಿಟ್ಟು ಕೊರಿಂಥಕ್ಕೆ ಬಂದರು. ಅವರ ಕೈಯಲ್ಲಿ ಉಳಿದದ್ದು ಗುಡಾರ ಮಾಡುವ ಕಸುಬೊಂದೇ. ಅದೇ ಕಸುಬಿನವನಾದ ಪೌಲನು ಅವರ ಬಳಿಯಲ್ಲಿ ಇಳಿದುಕೊಂಡು ಅವರ ಸಂಗಡ ದುಡಿದನು. ಬಳಿಕ ಅವರು ಎಫೆಸಕ್ಕೆ ಹೋದರು. ಅಲ್ಲಿ ವಾಕ್ಚಾತುರ್ಯವುಳ್ಳ ಅಪೊಲ್ಲೋಸನಿಗೆ ಮಾರ್ಗವನ್ನು ಇನ್ನೂ ಚೆನ್ನಾಗಿ ತಿಳಿಸಿಕೊಟ್ಟರು. ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಿ ಅವರ ಮನೆಯಲ್ಲಿ ಕೂಡುವ ಸಭೆಯನ್ನು ವಂದಿಸುತ್ತಾನೆ. ನೋಡಿರಿ, ಊರಿನಿಂದ ಹೊರಗೆ ಹಾಕಲ್ಪಟ್ಟವರ ಜಗಲಿಯೇ ದೇವರ ಸಭೆಗೆ ಸ್ಥಳವಾಯಿತು!

ಈ ಸಂಗತಿಯು ದೂರದೇಶದ್ದೆಂದು ನಾವು ಎಣಿಸಬಾರದು. ಯಾತಕ್ಕಂದರೆ ನಮ್ಮ ಹಿರಿಯರ ಮನೆಗಳಲ್ಲಿಯೂ ಇಂಥದೇ ನಡೆಯಿತು. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಬಾಸೆಲ್ ಮಿಶನಿನ ಮೂವರು ಮಂಗಳೂರಿಗೆ ಬಂದರು. ಸುವಾರ್ತೆಯನ್ನು ನಂಬಿದವರು ಜಾತಿಯನ್ನು ಕಳಕೊಂಡರು. ಜಾತಿಯೊಡನೆ ಕಸುಬೂ ಬಂಧುಬಳಗವೂ ಹೋದವು. 1850ರಲ್ಲಿ ಸರಕಾರವು ಒಂದು ಕಾಯಿದೆಯನ್ನು ಮಾಡಿ, ಮತವನ್ನು ಬದಲಿಸಿದ ಮಾತ್ರಕ್ಕೆ ಯಾರ ಪಿತ್ರಾರ್ಜಿತದ ಹಕ್ಕೂ ತಪ್ಪಬಾರದೆಂದು ಗೊತ್ತುಮಾಡಿತು. ಅದು ನ್ಯಾಯವಾದದ್ದೇ. ಆದರೆ ಪಿತ್ರಾರ್ಜಿತವೇ ಇಲ್ಲದ ಬಡವನಿಗೆ ಆ ಕಾಗದದಿಂದ ಸಂಜೆಯ ಗಂಜಿ ಬೇಯುವದುಂಟೋ?

ಆದಕಾರಣ ಕೈಗೆ ಕೆಲಸ ಬೇಕಾಯಿತು. ಮಗ್ಗಗಳು ಎದ್ದವು, 1851ರಲ್ಲಿ ಬಂದ ಹಾಲರ್ ಎಂಬ ನೇಯಿಗೆ ಬಲ್ಲವನು ಮಂಗಳೂರಿನ ನೇಯಿಗೆಶಾಲೆಯನ್ನು ಬೆಳಸಿದನು. 1865ರಲ್ಲಿ ಪ್ಲೆಬ್‌ಸ್ಟ್ ಎಂಬವನು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಹಾಕಿಸಿದನು. ನೇತ್ರಾವತಿಯ ತೀರದ ಆವೆಮಣ್ಣು ಬೆಂಕಿಯಲ್ಲಿ ಬೆಂದು ಕೆಂಪು ಹಂಚಾಗಿ, ಮುಳಿಹುಲ್ಲಿನ ಮಾಡು ಇದ್ದಲ್ಲಿ ಏರಿ ಕೂತಿತು. ಸೂರ್ಯನನ್ನು ನೋಡಿ ದುಡಿಯುತ್ತಿದ್ದವರು ಗಂಟೆಯ ಶಬ್ದಕ್ಕೆ ಎದ್ದರು; ಅಕ್ಕಿಯ ಕೂಲಿ ಪಡೆಯುತ್ತಿದ್ದವರು ನಾಣ್ಯವನ್ನು ಎಣಿಸಿಕೊಂಡರು. ಅಷ್ಟರೊಳಗೆ 1841ರಲ್ಲಿ ಸ್ಥಾಪಿತವಾದ ಮುದ್ರಣಾಲಯದಿಂದ ಪುಸ್ತಕಗಳೂ, 1843ರಲ್ಲಿ ಮೋಗ್ಲಿಂಗನ ಮಂಗಳೂರ ಸಮಾಚಾರವೂ ಹೊರಟು, ಅಕ್ಷರವೆಂಬದು ದೊಡ್ಡವರ ಸೊತ್ತೆಂಬ ಗೋಡೆಯು ಬಿರುಕುಬಿಡಹತ್ತಿತು.

ಆದರೂ ಪ್ರಿಯರೇ, ಇಲ್ಲಿ ಒಂದು ಎಚ್ಚರಿಕೆ ಉಂಟು. ಅನ್ನ ಕೊಡುವವನೂ ವಾಕ್ಯ ಕೊಡುವವನೂ ಒಬ್ಬನೇ ಆದಾಗ, ಮನುಷ್ಯನು ದೇವರನ್ನು ಹಿಡಿದಿದ್ದಾನೋ ಕಾರ್ಖಾನೆಯನ್ನು ಹಿಡಿದಿದ್ದಾನೋ ಎಂಬದು ತಿಳಿಯುವದು ಕಷ್ಟ. ಆ ಶೋಧನೆಯು 1914ರಲ್ಲಿ ಬಂತು. ಯೂರೋಪಿನ ಮಹಾಯುದ್ಧದ ನಿಮಿತ್ತ ಜರ್ಮನ್ ಮಿಶನೆರಿಗಳು ಸೆರೆಯಲ್ಲಿಡಲ್ಪಟ್ಟು ಸ್ವದೇಶಕ್ಕೆ ಕಳುಹಿಸಲ್ಪಟ್ಟರು. ಕಾರ್ಖಾನೆಗಳು ಸರಕಾರದ ವಶವಾಗಿ, 1919ರಲ್ಲಿ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪೆನಿಗೆ ಸೇರಿದವು. ಎಂದೂ ನೋಡದ ಅರಸರ ಜಗಳವು ನಮ್ಮ ಹಂಚು ಹೊರುವವರ ಬಾಗಿಲಿಗೆ ಬಂತು. ಆಗ ಸಭೆ ನಿಂತಿತೋ? ನಿಂತಿತು. ಪರದೇಶದ ಪಾದ್ರಿಯವರು ಇಲ್ಲದಿದ್ದರೂ ಉಪದೇಶಿಗಳೂ ಸಭೆಯ ಹಿರಿಯರೂ ತಾಯಂದಿರೂ ಇದ್ದರು. ಒಡೆಯನು ಬದಲಾದನು, ಕರ್ತನು ಬದಲಾಗಲಿಲ್ಲ.

ಇನ್ನೊಂದು ದೊಡ್ಡ ಬದಲಾವಣೆಯನ್ನು ನಮ್ಮಲ್ಲಿ ಅನೇಕರ ತಂದೆ ಅಜ್ಜಂದಿರು ಕಂಡರು. 1961ರ ಭೂಸುಧಾರಣೆಯ ಕಾಯಿದೆಯನ್ನು 1974ರಲ್ಲಿ ತಿದ್ದಿ ಕರ್ನಾಟಕ ಸರಕಾರವು ಗೇಣಿಯ ಪದ್ಧತಿಯನ್ನು ತೆಗೆದುಹಾಕಿತು. ತಲೆತಲಾಂತರದಿಂದ ಗೇಣಿ ಹೊತ್ತು ಧಣಿಯ ಅಂಗಳದಲ್ಲಿ ನಿಂತ ಒಕ್ಕಲು, ನ್ಯಾಯಮಂಡಳಿಯ ಮುಂದೆ ಅರ್ಜಿ ಹಿಡಿದು ನಿಂತು, ತಾನು ಉಳುವ ಹೊಲಕ್ಕೆ ಒಡೆಯನಾದನು. ಇದಕ್ಕಾಗಿ ದೇವರಿಗೆ ಸ್ತೋತ್ರ ಮಾಡತಕ್ಕದ್ದೇ. ಆದರೆ ಗೇಣಿಗೆ ಹೊಲ ಹಿಡಿಯದೆ ಕೂಲಿ ಮಾತ್ರ ಮಾಡುತ್ತಿದ್ದವನಿಗೆ ಆ ಹೊಲ ಬರಲಿಲ್ಲ. ಅವನು ಈ ಹೊತ್ತು ಯಾರ ಅಂಗಳದಲ್ಲಿ ನಿಂತಿದ್ದಾನೆ? ಕೆಲವೊಮ್ಮೆ ನಮ್ಮ ಅಂಗಳದಲ್ಲಿಯೇ ಅಲ್ಲವೇ? ಹೊಲ ಕೊಯ್ದವರಿಗೆ ಹಿಡಿದಿಟ್ಟ ಕೂಲಿಯು ದೇವರ ಕಿವಿಗೆ ಮುಟ್ಟುವದೆಂದು ಯಾಕೋಬನ ಪತ್ರಿಕೆಯ 5ನೆಯ ಅಧ್ಯಾಯವು ಹೇಳುವಾಗ, ಅದು ಹಳೆಯ ಧಣಿಗಳಿಗೆ ಮಾತ್ರ ಬರೆದದ್ದೆಂದು ನಾವು ತಪ್ಪಿಸಿಕೊಳ್ಳಲಾರೆವು. ನಿನ್ನೆ ನೊಂದವನು ಇಂದು ನೋಯಿಸಿದರೆ, ಕಾಲ ಬದಲಾಯಿತೇ ಹೊರತು ಹೃದಯ ಬದಲಾಗಲಿಲ್ಲ.

ಈಗ ಹಂಚಿನ ಮಾಡು ಇದ್ದಲ್ಲಿ ಸಿಮೆಂಟಿನ ತಾರಸಿ ಬರುತ್ತಿದೆ. ಅನೇಕ ಹಂಚಿನ ಕಾರ್ಖಾನೆಗಳ ಚಿಮಣಿಗಳಲ್ಲಿ ಹೊಗೆ ಇಲ್ಲ. ನಮ್ಮ ಮಕ್ಕಳು ಬೆಂಗಳೂರಿಗೂ ಕೊಲ್ಲಿಯ ದೇಶಗಳಿಗೂ ಹೋಗುತ್ತಾರೆ. ಬೇರೆ ರಾಜ್ಯಗಳ ಬಡವರು ನಮ್ಮ ಊರಿಗೆ ಕೂಲಿಗೆ ಬರುತ್ತಾರೆ. ಇಂಥ ಕಾಲದಲ್ಲಿ ನಾವು ಮಾಡತಕ್ಕದ್ದೇನು?

ಒಂದನೆಯದು, ಅಕ್ವಿಲನಂತೆ ಕೈಕೆಲಸವನ್ನು ಕಲಿಯೋಣ, ಮಕ್ಕಳಿಗೂ ಕಲಿಸೋಣ, ದುಡಿಮೆಯಲ್ಲಿ ನಾಚಿಕೆಯಿಲ್ಲ. ಮನೆಯನ್ನು ಆಜ್ಞೆಯಿಂದ ಬಿಡಿಸಬಹುದು, ಕೈಯಲ್ಲಿರುವ ವಿದ್ಯೆಯನ್ನು ಬಿಡಿಸಲಾಗದು.

ಎರಡನೆಯದು, ಪ್ರಿಸ್ಕಿಲ್ಲಳಂತೆ ಬಾಗಿಲನ್ನು ತೆರೆಯೋಣ. ಭಾಷೆ ತಿಳಿಯದ ಕೂಲಿಯಾಳು ನಮ್ಮ ಜಗಲಿಗೆ ಬಂದರೆ ಆತನ ಜಾತಿಯನ್ನು ಕೇಳದೆ ನೀರು ಕೊಡೋಣ, ಹೊತ್ತು ಮುಳುಗುವ ಮುಂಚೆ ಕೂಲಿಯನ್ನು ಸಲ್ಲಿಸೋಣ. ನಮ್ಮ ಹಿರಿಯರೂ ಒಂದು ದಿನ ಹಾಗೆಯೇ ಬಾಗಿಲು ಹುಡುಕುತ್ತಾ ನಿಂತವರು.

ಮೂರನೆಯದು, ಸಂಜೆಯ ದೀಪದ ಮುಂದೆ ವಾಕ್ಯ ಓದುವದನ್ನೂ ಪ್ರಾರ್ಥನೆಯನ್ನೂ ಬಿಡದಿರೋಣ. ದೀಪ ಎಣ್ಣೆಯದ್ದಾಗಲಿ ವಿದ್ಯುತ್ತಿನದ್ದಾಗಲಿ, ಓದುವ ವಾಕ್ಯ ಒಂದೇ.

ಕ್ಲೌದ್ಯನು 54ರಲ್ಲಿ ಸತ್ತನು. ಅವನ ಆಜ್ಞೆಯೂ ಸತ್ತಿತು. ಅವನು ಹೊರಗೆ ಹಾಕಿದ ಗುಡಾರದ ಕಸುಬಿನವರ ಹೆಸರು ಈ ಹೊತ್ತಿಗೂ ನಮ್ಮ ಸಭೆಗಳಲ್ಲಿ ಓದಲ್ಪಡುತ್ತದೆ. ಕಾಲಗಳನ್ನು ಬದಲಿಸುವ ದೇವರು ನಮ್ಮ ಒಲೆಗಳನ್ನು ಕಾಯಲಿ. ನಮ್ಮ ಒಲೆಯ ಬೆಂಕಿಯಿಂದ ನೆರೆಯವನ ಒಲೆಯೂ ಹೊತ್ತುವಂತೆ ಕೃಪೆಮಾಡಲಿ. ಆಮೆನ್.