ನೆನೆದರೆ ಸಾಕೇ?

ಹಕ್ಕಿ ಮುಟ್ಟಿ, ಮೀನು ನೋಡಿ, ಆಮೆ ನೆನೆದು ಮರಿಗಳನ್ನು ಸಾಕುತ್ತವೆ ಎಂಬುದು ನಮ್ಮ ಹಿರಿಯರ ಮಾತು. ಗುರುಕರುಣೆಗೆ ಕೊಟ್ಟ ಈ ಹೋಲಿಕೆಯನ್ನು ನಾನು ತರಗತಿಯಲ್ಲಿ ವರ್ಷವರ್ಷವೂ ವಿವರಿಸಿದ್ದೇನೆ. ನಿಜ ಹೇಳಬೇಕೆಂದರೆ, ನನ್ನ ಸಮಾಧಾನಕ್ಕೂ ಬಳಸಿಕೊಂಡಿದ್ದೇನೆ. ಅವ್ವ ಅಮೀನಗಡದಲ್ಲಿ ಒಬ್ಬಳೇ, ನಾನು ಧಾರವಾಡದಲ್ಲಿ. ದಿನವೂ ನೆನೆಯುತ್ತೇನಲ್ಲ, ಅಷ್ಟು ಸಾಲದೆ?

ಕಳೆದ ಮಾಘದಲ್ಲಿ ಹೊನ್ನಾವರದ ಕಾಸರಕೋಡ ಟೊಂಕಕ್ಕೆ ಹೋಗಿದ್ದೆ. ಶರಾವತಿ ಕಡಲು ಸೇರುವಲ್ಲಿನ ಆ ಮರಳಿನಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಗೂಡು ಮಾಡುತ್ತವೆ. ತಾಯಿ ರಾತ್ರಿ ದಡ ಹತ್ತಿ, ಕುಣಿ ತೋಡಿ, ನೂರರಷ್ಟು ತತ್ತಿಯಿಟ್ಟು, ಮರಳು ಮುಚ್ಚಿ ಹೊರಟುಬಿಡುತ್ತದೆ. ಮತ್ತೆ ಆ ಗೂಡಿನತ್ತ ಬಾರದು. 45ರಿಂದ 60 ದಿನ ಕಾವು ಕೊಡುವುದು ಮರಳು. ಮರಿ ಹೆಣ್ಣೋ ಗಂಡೋ ಎಂಬುದನ್ನು ಗೊತ್ತುಮಾಡುವುದೂ ಅದರ ಬಿಸಿಯೇ. ನಾಯಿ ನರಿಗಳು ಕೆದಕದಂತೆ ಬೇಲಿ ಕಟ್ಟಿ ಕಾಯುವವರು ಅರಣ್ಯ ಇಲಾಖೆಯವರು, ಊರಿನ ಮೀನುಗಾರರು.

ನನ್ನ ಹೋಲಿಕೆ ಅಲ್ಲಿಯೇ ಕುಸಿಯಿತು. ತಾಯಿಯ ನೆನಪಿನಿಂದ ಒಂದು ತತ್ತಿಯೂ ಮರಿಯಾಗದು. 'ನೆನೆಯುತ್ತೇನೆ' ಎನ್ನುವವನ ಹಿಂದೆ ಕೆಲಸ ಮಾಡುವವರು ಬೇರೆ ಯಾರೋ ಇರುತ್ತಾರೆ. ಅವ್ವನಿಗೆ ಜ್ವರ ಬಂದಾಗ ಗಂಜಿ ಕಾಸಿದವಳು ಪಕ್ಕದ ಮನೆಯ ಚಿಗವ್ವ, ನಾನಲ್ಲ.

ಹಾಗಾದರೆ ನೆನಪೆಂಬುದು ಬರಿಯ ಭ್ರಮೆಯೇ? ಅದೂ ಅಲ್ಲ. ಕಡಲಲ್ಲಿ ವರ್ಷಗಟ್ಟಲೆ ಅಲೆದು ಬೆಳೆದ ಹೆಣ್ಣು, ತತ್ತಿಯಿಡುವ ಕಾಲಕ್ಕೆ ತಾನು ಹುಟ್ಟಿದ ದಡದ ಆಸುಪಾಸಿಗೇ ಮರಳುತ್ತದೆ. ಹಿರಿಯರು ನೆನಪಿನ ಭಾರವನ್ನು ತಾಯಿಗೆ ಹೊರಿಸಿದರು. ಪ್ರಕೃತಿ ಮಕ್ಕಳಿಗೆ ಹೊರಿಸಿದೆ. ನಾನು ತಾಯಿಯ ಸ್ಥಾನದಲ್ಲಿ ನಿಂತು ಹೋಲಿಕೆ ಕಟ್ಟಿಕೊಂಡಿದ್ದೆ. ನಾನಿದ್ದುದು ಮರಿಯ ಸ್ಥಾನದಲ್ಲಿ.

ಆದರೆ ಮರಳುವವರಿಗೆ ದಡವಿರಬೇಕು. 1972ರ ವನ್ಯಜೀವಿ ಕಾಯಿದೆಯಂತೆ ಕಡಲಾಮೆಯನ್ನು ಕೊಲ್ಲುವಂತಿಲ್ಲ. ದಡವೇ ಹೋದರೆ ಕಾಯಿದೆ ಏನು ಮಾಡೀತು? ಕೋಸ್ಟರೀಕದವರು 1975ರಲ್ಲಿ ಟೊರ್ಟುಗೇರೊದ ಮರಳನ್ನೂ ಅದರ ಹಿಂದಿನ ಕಾಲುವೆಗಳನ್ನೂ ಕೂಡಿಯೇ ರಾಷ್ಟ್ರೀಯ ಉದ್ಯಾನವಾಗಿಸಿದರು. ಜೀವವನ್ನು ಉಳಿಸುವುದೆಂದರೆ ಅದು ಮರಳಿ ಬರುವ ಜಾಗವನ್ನೂ ಉಳಿಸುವುದು. ನಮ್ಮ ಊರುಗಳಿಗೂ ಈ ಮಾತು ಸಲ್ಲುತ್ತದೆ. ಅಲ್ಲಿನ ದಡ ಕಾಯುತ್ತಿರುವವರು ಚಿಗವ್ವನಂಥವರು.

ಆ ಶನಿವಾರವೇ ಅಮೀನಗಡದ ಬಸ್ಸು ಹತ್ತಿದೆ. ಅವ್ವ ಕರದಂಟಿನ ತಾಟು ಮುಂದಿಟ್ಟು, "ಯಾಕಪಾ, ಸೂಟಿ ಇತ್ತೇನು?" ಎಂದಳು.

"ಇಲ್ಲವ್ವಾ, ನೆನಪಾತು."

"ನೆನಪು ದಿನಾ ಆಗತೈತಿ ಅಂತ ಫೋನಿನ್ಯಾಗ ಹೇಳತಿದ್ದೆಲ್ಲ. ಬಂದಿ ನೋಡು, ಅದು ಛಲೋ ಆತು."