ಪೆಟ್ಟಿಗೆ, ಕರುಳು, ಮಾಳಿಗೆ

ಮುಂಡರಗಿಯಲ್ಲಿ ನಮ್ಮ ಹಳೇ ಮನೆಗೆ ಮಣ್ಣಿನ ಮಾಳಿಗೆ. ರೋಹಿಣಿ ಮಳೆ ಬೀಳುವ ಮೊದಲು ಅವ್ವ ಸವಳು ಮಣ್ಣಿನ ಬುಟ್ಟಿ ಹೊತ್ತು ನಿಚ್ಚಣಿಕೆ ಏರುತ್ತಿದ್ದಳು. ಇಲಿ ತೋಡಿದ ಬಿಲ, ಹುಲ್ಲು ಬೇರು ಬಿಟ್ಟ ಬಿರುಕು ಹುಡುಕಿ ಹುಡುಕಿ ಮೆತ್ತುತ್ತಿದ್ದಳು. ಬೆಳಕಿಂಡಿಯ ಕೆಳಗೆ ನಿಂತು ನಾನು ಕೂಗುತ್ತಿದ್ದೆ: "ಹ್ವಾದ ವರ್ಷನ ಹಾಕಿದ್ದೆಲ್ಲವ್ವಾ?" ಮೇಲಿನಿಂದ ಉತ್ತರ: "ಹ್ವಾದ ವರ್ಷದ್ದು ಈ ವರ್ಷಕ್ಕ ಬರೂದಿಲ್ಲೋ ತಮ್ಮಾ."

ಮುಂದೆ ನಾನು ಇಂಗ್ಲಿಷ್ ಮೇಷ್ಟ್ರಾದೆ, ಹಳೆಯ ಬರಹಗಳು ಮನಸ್ಸನ್ನು ಏನೇನೆಂದು ಕರೆದಿವೆ ಎಂದು ನೋಡತೊಡಗಿದೆ. ಸಾವಿರ ವರ್ಷದ ಹಿಂದಿನ ಕೈಬರಹವೊಂದು ಇಂಗ್ಲೆಂಡಿನ ಎಕ್ಸೆಟರ್ ಚರ್ಚಿನಲ್ಲಿದೆ. 'ದಿ ವಾಂಡರರ್' ಎಂಬ ಹಳೆಯ ಇಂಗ್ಲಿಷ್ ಪದ್ಯ ಉಳಿದಿರುವುದು ಅದೊಂದರಲ್ಲೇ. ಒಡೆಯನನ್ನು ಕಳೆದುಕೊಂಡು ಚಳಿಗಡಲಲ್ಲಿ ಅಲೆಯುವ ಒಬ್ಬಂಟಿಯ ಗೋಳು ಅದು. ಆ ಕಾಲದ ಕವಿಗಳಿಗೆ ಮನಸ್ಸು ಇರುವುದು ತಲೆಯಲ್ಲಲ್ಲ, ಎದೆಯಲ್ಲಿ. ಎದೆಯೆಂದರೆ ಭಂಡಾರವಿಟ್ಟು ಬೀಗ ಹಾಕಿದ ಪೆಟ್ಟಿಗೆ. ಕುಲವಂತನಾದವನು ಅದನ್ನು ಭದ್ರವಾಗಿ ಬಿಗಿದಿಡಬೇಕು, ಸಂಕಟವನ್ನು ಹೊರಗೆ ಚೆಲ್ಲಬಾರದು.

1611ರ ಇಂಗ್ಲಿಷ್ ಬೈಬಲ್‌ಗೆ ಬಂದರೆ ಜಾಗವೇ ಬದಲು. ಅಲ್ಲಿ ಕನಿಕರ ಹುಟ್ಟುವುದು ಕರುಳಿನಲ್ಲಿ. ಗ್ರೀಕ್ ಮೂಲದ ಪದವೂ ಒಡಲೊಳಗಿನ ಅಂಗಗಳ ಹೆಸರೇ. ಇದನ್ನು ಹೇಳಿದಾಗ ತರಗತಿಯಲ್ಲಿ ನಗೆ ಎದ್ದಿತ್ತು. ಬೆಟಗೇರಿಯ ನೇಕಾರರ ಮನೆಯ ಹುಡುಗಿಯೊಬ್ಬಳು ಮಾತ್ರ ನಗಲಿಲ್ಲ. "ನಾವೂ ಕರುಳಿದ್ದಾವ್ರು ಅಂತೀವಲ್ರಿ ಸರ?" ಅಂದಳು. ಹೌದಲ್ಲ! ನಮಗೆ ಅಸೂಯೆ ಹೊಟ್ಟೆಕಿಚ್ಚು, ತಪ್ಪನ್ನು ಕ್ಷಮಿಸುವುದು ಹೊಟ್ಟೆಗೆ ಹಾಕಿಕೊಳ್ಳುವುದು, ಧೈರ್ಯ ಎದೆಗಾರಿಕೆ, ಮುಚ್ಚಿಟ್ಟ ದುಃಖ ಬಿಚ್ಚಬೇಕಾದ ಗಂಟು. ಅಂದು ಪಾಠ ಕಲಿತವನು ನಾನು.

ಇವು ಬರೀ ಮಾತಿನ ಚಂದವಲ್ಲ. ಮನಸ್ಸನ್ನು ಏನೆಂದು ಕರೆಯುತ್ತೇವೋ ಅದರ ಮೇಲೆ ನಮ್ಮ ಧರ್ಮ ನಿಂತಿದೆ. ಪೆಟ್ಟಿಗೆ ಎಂದರೆ ಕಾಯುವುದು ಧರ್ಮ. ಕರುಳು ಎಂದರೆ ಮರುಗುವುದು ಧರ್ಮ.

ಪೆಟ್ಟಿಗೆಯ ಧರ್ಮಕ್ಕೆ ನಮ್ಮಲ್ಲೇ ಒಬ್ಬ ಸಾಕ್ಷಿ ಇದ್ದಾನೆ. ಗದಗಿಗೆ ಹತ್ತಿರದ ಲಕ್ಕುಂಡಿಯ ಶರಣೆ ಮುಕ್ತಾಯಕ್ಕನ ಅಣ್ಣ ಅಜಗಣ್ಣ ಗುಪ್ತಭಕ್ತ. ಲಿಂಗವನ್ನು ಬಾಯೊಳಗೇ ಇಟ್ಟುಕೊಂಡು ಬಾಳಿದನೆಂದು ಕಥೆ. ಅವನ ಭಕ್ತಿ ಎಷ್ಟು ದೊಡ್ಡದೆಂದು ಊರಿಗೆ ಗೊತ್ತಾದದ್ದು ಅವನು ಹೋದ ಮೇಲೆ. ಅಳುತ್ತ ಕೂತ ತಂಗಿಯ ಬಳಿ ಅಲ್ಲಮಪ್ರಭು ಬರುತ್ತಾನೆ. ಆಕೆ ಸುಮ್ಮನೆ ಸಮಾಧಾನಗೊಳ್ಳುವವಳಲ್ಲ. ಅಣ್ಣನ ಮೌನದ ಪಕ್ಕ ನಿಂತು, ಇಷ್ಟು ಮಾತಾಡುವವನಿಗೆ ಅರಿವು ಎಲ್ಲಿಯದು ಎಂಬಂತೆ ಅಲ್ಲಮನನ್ನೇ ಕೇಳುತ್ತಾಳೆ. 'ಶೂನ್ಯಸಂಪಾದನೆ'ಯಲ್ಲಿ ಆ ವಾದ ಓದಿದಾಗಲೆಲ್ಲ ನಾನು ಮುಕ್ತಾಯಕ್ಕನ ಕಡೆಗೇ ವಾಲುತ್ತೇನೆ. ಆದರೂ ಅಜಗಣ್ಣನ ದಾರಿ ನನ್ನಂಥವನಿಗಲ್ಲ. ನನ್ನ ಪೆಟ್ಟಿಗೆಯಲ್ಲಿ ಭಂಡಾರವೇ ಇಲ್ಲ, ಬೀಗ ಯಾತಕ್ಕೆ?

ನನಗೆ ದಕ್ಕುವ ರೂಪಕ ಲಕ್ಷ್ಮೇಶ್ವರದ ಆಚೆ, ಶಿಶುವಿನಹಾಳದ್ದು. 1819ರಲ್ಲಿ ಹುಟ್ಟಿ 1889ರಲ್ಲಿ ಹೋದ ಶರೀಫಸಾಹೇಬರು, ಕಳಸದ ಗೋವಿಂದಭಟ್ಟರ ಶಿಷ್ಯರು, ಸೋರುವ ಮಾಳಿಗೆಯನ್ನು ತತ್ವಪದವಾಗಿ ಹಾಡಿದರು. ಸೋರುವುದಕ್ಕೆ ಅಜ್ಞಾನವೇ ಕಾರಣ ಎಂದರು, ಕತ್ತಲಲ್ಲಿ ಮೇಲೇರಲಾಗದ ಅಸಹಾಯಕತೆಯನ್ನೂ ಮುಚ್ಚಿಡಲಿಲ್ಲ. ಮಣ್ಣಿನ ಮನೆಯಲ್ಲಿ ಒಂದು ಮಳೆಗಾಲ ಕಳೆದವರಿಗೆ ಆ ಪದಕ್ಕೆ ಟೀಕೆ ಬೇಡ. ತೊಟ್ಟಿಕ್ಕುವಲ್ಲೆಲ್ಲ ತಪೇಲಿ, ಪರಾತ ಇಟ್ಟು ರಾತ್ರಿಯಿಡೀ ಎದ್ದು ಕೂತವರು ನಾವು.

ಮನಸ್ಸು ಮಾಳಿಗೆಯಾದರೆ ಧರ್ಮವೆಂದರೆ ದುರಸ್ತಿ. ದೀಕ್ಷೆ ಪಡೆದೆ, ಗೀತೆ ಓದಿದೆ, ಮುಗಿಯಿತು ಎನ್ನುವ ಹಾಗಿಲ್ಲ. ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ ಹಿಂದೂಗಳೂ ಮುಸಲ್ಮಾನರೂ ಒಂದೇ ಸಲ ಹೋಗಿ ಕೈಮುಗಿದು ಸುಮ್ಮನಾಗುವುದಿಲ್ಲ. ಪ್ರತಿ ವರ್ಷ ಜಾತ್ರೆಗೆ ಹೋಗುತ್ತಾರೆ. ಅವರೇನು ದಡ್ಡರಲ್ಲ. ಹೋದ ವರ್ಷದ ಮಣ್ಣು ಈ ವರ್ಷಕ್ಕೆ ಬಾರದೆಂದು ಬಲ್ಲವರು.

ಅವ್ವ ಹೋದ ಮೇಲೆ ಮಾಳಿಗೆ ಕೆಡವಿ ಸ್ಲ್ಯಾಬ್ ಹಾಕಿಸಿದೆ, ಇನ್ನು ಏರುವ ಕೆಲಸವಿಲ್ಲ ಎಂದುಕೊಂಡೆ. ಹೋದ ಮಳೆಗಾಲ ದೇವರ ಕೋಣೆಯ ಮೂಲೆಯಲ್ಲಿ ಹನಿ ಕಾಣಿಸಿತು. ನಿಚ್ಚಣಿಕೆ ಇನ್ನೂ ಹಿತ್ತಲಲ್ಲೇ ಇದೆ.