ಕಾಣದ್ದು, ನೋಡದ್ದು

ಹೋದ ಬೇಸಗೆಯಲ್ಲಿ ನಮ್ಮ ಮನೆಯ ಹೊಂಗೆಮರದ ಕೊಂಬೆಯೊಂದನ್ನು ಕಡಿಸಿದೆ. ಹೂವುದುರಿ ಅಂಗಳವೆಲ್ಲ ಕಸವಾಗುತ್ತಿತ್ತು. ಅಷ್ಟೇ ಅದರ ಅಪರಾಧ. ಕೊಂಬೆ ಬಿದ್ದ ಮೇಲೆ ಅದರಲ್ಲೊಂದು ಗೂಡು, ಒಡೆದ ಎರಡು ಮೊಟ್ಟೆ ಕಂಡವು. ಕಾಣದೆ ಮಾಡಿದ್ದಕ್ಕೆ ಪಾಪವೆಲ್ಲಿಯದೆಂದು ಸಮಾಧಾನ ಹೇಳಿಕೊಂಡೆ, ಮನಸ್ಸು ಒಪ್ಪಲಿಲ್ಲ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ನೆನಪಾಯಿತು. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಹುಣಸೆಮರಗಳಲ್ಲೇ ಗೂಡು ಕಟ್ಟುತ್ತವೆ. ಹುಣಸೆ ಹಣ್ಣಾಗುವ ಹೊತ್ತಿಗೆ ಗೂಡಿನಲ್ಲಿ ಮರಿಗಳಿರುತ್ತವೆ. ಮರ ಬಡಿದರೆ ಹಣ್ಣಿನೊಡನೆ ಮರಿಯೂ ಉದುರೀತು. ಆದ್ದರಿಂದ ಅಂಥ ಮರದ ಫಲವನ್ನು ಬಿಟ್ಟುಕೊಡುವುದು ಅಲ್ಲಿಯ ರೂಢಿ. ಆ ಹಕ್ಕಿಗಳು ಊರವರಿಗೆ ತವರಿಗೆ ಬಂದ ಹೆಣ್ಣುಮಕ್ಕಳಂತೆ. ಸರ್ಕಾರ ಅದನ್ನು ಸಮುದಾಯ ಮೀಸಲು ಪ್ರದೇಶವೆಂದು ಸಾರಿದ್ದು 2007ರಲ್ಲಿ. ರೂಢಿ ಅದಕ್ಕಿಂತ ಬಹು ಹಳೆಯದು.

ಅವರು ವರ್ಷದ ಹಣ್ಣನ್ನೇ ಬಿಟ್ಟರು. ನಾನು ದಿನಕ್ಕೊಮ್ಮೆ ಅಂಗಳ ಗುಡಿಸಲೊಲ್ಲದೆ ಹೋದೆ. ನನಗೆ ಗೂಡು ಕಾಣಲಿಲ್ಲವೆಂಬುದು ನಿಜ. ಆದರೆ ಕಾಣದಿರುವುದು ಬೇರೆ, ನೋಡದಿರುವುದು ಬೇರೆ. ಮೊದಲನೆಯದಕ್ಕೆ ಕ್ಷಮೆಯುಂಟು, ಎರಡನೆಯದು ಅಜ್ಞಾನದ ವೇಷ ತೊಟ್ಟ ಉದಾಸೀನ.

ಈಗ ಮರಕ್ಕೆ ಕತ್ತಿಯಿಡುವ ಮುನ್ನ ತಲೆಯೆತ್ತಿ ಕೊಂಬೆಕೊಂಬೆಯನ್ನೂ ನೋಡುತ್ತೇನೆ. ಗೂಡಿದ್ದರೆ ಮರಿ ಹಾರುವವರೆಗೆ ಕತ್ತಿ ಒಳಗೇ ಇರುತ್ತದೆ. ಪೊರಕೆ ಮಾತ್ರ ಹೊರಗೆ ಬರುತ್ತದೆ.